‘ಕಾಕ್ಸ್’: ಒಂದು ರೂಪ, ಎರಡು ಪದ
(ಹುದ್ದೆವಾಚಿ ಮತ್ತು ಕುಲನಾಮಗಳ ಸಂಬಂಧವನ್ನು ಕುರಿತ ಒಂದು ವಿವೇಚನೆ)

1. ಪ್ರವೇಶ

ಕುಲನಾಮಗಳ ಅಧ್ಯಯನದಲ್ಲಿ ತೊಡಗಿದವರನ್ನು ಮೇಲಿಂದ ಮೇಲೆ ಕಾಡುವ ಆಕರ್ಷಣೆಯೊಂದಿದೆ. ಒಂದು ಕುಲನಾಮವೂ ಒಂದು ವೃತ್ತಿವಾಚಿ ಪದವೂ ಸಮಾನ ರೂಪದಲ್ಲಿ ದೊರೆತರೆ, ಎರಡನೆಯದರಿಂದ ಮೊದಲನೆಯದು ಹುಟ್ಟಿತೆಂದು ತೀರ್ಮಾನಿಸಿಬಿಡುವುದೇ ಆ ಆಕರ್ಷಣೆ. ಹಲವು ಸಂದರ್ಭಗಳಲ್ಲಿ ಈ ತೀರ್ಮಾನ ಸರಿಯಾಗಿಯೇ ಇರುತ್ತದೆ. ಕಮ್ಮಾರ, ಬಡಿಗೇರ, ಪತ್ತಾರ, ಗಾಣಿಗ ಮುಂತಾದ ಹೆಸರುಗಳನ್ನು ವಿವರಿಸಲು ಬೇರೆ ದಾರಿ ಹುಡುಕಬೇಕಾಗಿಲ್ಲ. ಆದರೆ ಸರಿಯಾದ ಉತ್ತರವನ್ನು ಕೊಡುವ ವಿಧಾನವೆಲ್ಲವೂ ಸರಿಯಾದ ವಿಧಾನವಾಗಿರಬೇಕೆಂದಿಲ್ಲ. ರೂಪಸಾಮ್ಯವೊಂದನ್ನೇ ಸಾಕ್ಷ್ಯವೆಂದು ನಂಬಿದ ಸಂಶೋಧಕ ಹತ್ತು ಕಡೆ ಗೆದ್ದು ಹನ್ನೊಂದನೆಯ ಕಡೆ ಎಡವಿದಾಗ, ತಾನು ಎಡವಿದ್ದೇನೆಂಬುದು ಅವನಿಗೆ ತಿಳಿಯುವುದೇ ಇಲ್ಲ. ಅದನ್ನು ತಿಳಿಸಿಕೊಡುವ ಉಪಕರಣ ಆ ವಿಧಾನದೊಳಗೆ ಇರುವುದಿಲ್ಲ.

ಪ್ರಸ್ತುತ ಲೇಖನವು ಈ ಸಮಸ್ಯೆಯನ್ನು ಇಂಗ್ಲಿಷಿನ ಒಂದು ನಿದರ್ಶನದ ಮೂಲಕ ಪರಿಶೀಲಿಸುತ್ತದೆ. ‘ಕಾಕ್ಸ್’ ಎಂಬುದು ದೋಣಿಸ್ಪರ್ಧೆಯಲ್ಲಿ ಚುಕ್ಕಾಣಿ ಹಿಡಿದು ಹುಟ್ಟು ಹಾಕುವವರಿಗೆ ಆದೇಶ ನೀಡುವ ವ್ಯಕ್ತಿಯ ಹೆಸರು. ಅದೇ ‘ಕಾಕ್ಸ್’ ಇಂಗ್ಲೆಂಡಿನ ಅತ್ಯಂತ ಪರಿಚಿತ ಕುಲನಾಮಗಳಲ್ಲಿ ಒಂದು. ಕಾಗುಣಿತ ಒಂದೇ, ಉಚ್ಚಾರಣೆ ಒಂದೇ. ಹಿಂದೆ ದೋಣಿ ನಡೆಸಿದವರ ವಂಶಸ್ಥರು ಇಂದು ಕಾಕ್ಸ್ ಎನಿಸಿಕೊಂಡಿದ್ದಾರೆಂಬ ಊಹೆ ತೀರ ಸಹಜವಾಗಿ ತೋರುತ್ತದೆ. ಆದರೆ ಈ ಊಹೆ ನಿಲ್ಲುವುದಿಲ್ಲ. ಅದು ಏಕೆ ನಿಲ್ಲುವುದಿಲ್ಲ ಎಂಬುದನ್ನು ಹಂತಹಂತವಾಗಿ ತೋರಿಸಿ, ಅದರಿಂದ ಕನ್ನಡದ ನಾಮವಿಜ್ಞಾನಕ್ಕೂ ನಿಘಂಟುರಚನೆಗೂ ಒದಗುವ ಪಾಠವೇನೆಂಬುದನ್ನು ವಿವೇಚಿಸುವುದು ಇಲ್ಲಿನ ಉದ್ದೇಶ.

ಇಂಗ್ಲಿಷಿನ ನಿದರ್ಶನವನ್ನೇ ಆರಿಸಿಕೊಂಡದ್ದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ಈ ಎರಡೂ ಪದಗಳ ಚರಿತ್ರೆಗೆ ಬೇಕಾದ ಲಿಖಿತ ಆಧಾರಗಳು ಇಂಗ್ಲಿಷಿನಲ್ಲಿ ಹೇರಳವಾಗಿವೆ. ಎರಡನೆಯದಾಗಿ, ಈ ರೂಪವು ಕನ್ನಡಕ್ಕೆ ಹೊಸದಲ್ಲ. ಬೆಂಗಳೂರಿನ ದಂಡು ಪ್ರದೇಶದ ಕಾಕ್ಸ್ ಟೌನ್, 2017ರ ರೋಹಿಂಗ್ಯಾ ವಲಸೆಯ ತರುವಾಯ ನಮ್ಮ ಪತ್ರಿಕೆಗಳಲ್ಲಿ ಪದೇ ಪದೇ ಕಾಣಿಸಿಕೊಂಡ ಬಾಂಗ್ಲಾದೇಶದ ಕಾಕ್ಸ್ ಬಜಾರ್, ಒಲಿಂಪಿಕ್ಸ್ ವರದಿಗಳ ‘ಕಾಕ್ಸ್’ ಇವೆಲ್ಲ ಕನ್ನಡ ಲಿಪಿಯಲ್ಲಿ ಒಂದೇ ಬಗೆಯಾಗಿ ಬರುತ್ತವೆ. ಇಂಗ್ಲಿಷಿನಲ್ಲಿ ಅಂಕಿತನಾಮವನ್ನು ದೊಡ್ಡಕ್ಷರವು ಸೂಚಿಸುತ್ತದೆ. ನಮ್ಮ ಲಿಪಿಯಲ್ಲಿ ಆ ಸೌಕರ್ಯವಿಲ್ಲವಾದುದರಿಂದ ಗೊಂದಲದ ಸಾಧ್ಯತೆ ಇಲ್ಲಿ ಇನ್ನೂ ಹೆಚ್ಚು.

2. ದೋಣಿಯ ಕಾಕ್ಸ್

ಮೊದಲು ವಸ್ತುವನ್ನು ನೋಡಿ ಅನಂತರ ಪದವನ್ನು ನೋಡುವುದು ಉಚಿತ. ಎಂಟು ಮಂದಿ ಹುಟ್ಟು ಹಾಕುವ ಸ್ಪರ್ಧಾದೋಣಿಯಲ್ಲಿ ಆ ಎಂಟೂ ಮಂದಿ ದೋಣಿ ಸಾಗುವ ದಿಕ್ಕಿಗೆ ಬೆನ್ನು ಮಾಡಿ ಕುಳಿತಿರುತ್ತಾರೆ. ಮುಂದೇನಿದೆ ಎಂಬುದು ಅವರಿಗೆ ಕಾಣುವುದಿಲ್ಲ. ದಾರಿಗೆ ಮುಖ ಮಾಡಿ ಕುಳಿತವನು ಒಬ್ಬನೇ. ಅವನೇ ಕಾಕ್ಸ್. ಅವನು ಹುಟ್ಟು ಹಾಕುವುದಿಲ್ಲ. ಚುಕ್ಕಾಣಿಯ ಹಗ್ಗಗಳನ್ನು ಹಿಡಿದು ದೋಣಿಯನ್ನು ನೇರದಲ್ಲಿಡುವುದು, ಹುಟ್ಟಿನ ಲಯವನ್ನು ಕೂಗಿ ಹೇಳುವುದು, ಎದುರಾಳಿಯ ದೋಣಿ ಎಷ್ಟು ದೂರದಲ್ಲಿದೆ ಎಂಬುದನ್ನು ತಿಳಿಸುವುದು ಅವನ ಕೆಲಸ. ಹೊರುವ ಭಾರ ಕಡಿಮೆಯಿದ್ದಷ್ಟೂ ದೋಣಿ ಚುರುಕಾಗುವುದರಿಂದ ಈ ಸ್ಥಾನಕ್ಕೆ ಹಗುರ ಮೈಯವರನ್ನೇ ಆರಿಸುತ್ತಾರೆ. ಇದು ಅತಿರೇಕಕ್ಕೆ ಹೋಗದಿರಲೆಂದು ಅಂತರರಾಷ್ಟ್ರೀಯ ನಿಯಮಗಳು ಕಾಕ್ಸ್‌ಗೆ 55 ಕಿಲೋಗ್ರಾಂಗಳ ಕನಿಷ್ಠ ತೂಕವನ್ನು ಗೊತ್ತುಪಡಿಸಿವೆ. ಅದಕ್ಕಿಂತ ಹಗುರವಿದ್ದವರು ಕೊರತೆಯಷ್ಟು ಭಾರವನ್ನು ಜೊತೆಗೆ ಇಟ್ಟುಕೊಳ್ಳಬೇಕು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ನಡುವೆ 1829ರಲ್ಲಿ ಆರಂಭವಾದ ದೋಣಿಸ್ಪರ್ಧೆಯು ಈ ಸ್ಥಾನಕ್ಕೆ ವಿಶೇಷ ಪ್ರಸಿದ್ಧಿಯನ್ನು ತಂದಿತು. 1981ರಲ್ಲಿ ಸೂ ಬ್ರೌನ್ ಆಕ್ಸ್‌ಫರ್ಡಿನ ದೋಣಿಗೆ ಕಾಕ್ಸ್ ಆದುದು, ಆ ಸ್ಪರ್ಧೆಯಲ್ಲಿ ಮಹಿಳೆಯೊಬ್ಬರು ಪಾಲ್ಗೊಂಡ ಮೊದಲ ಸಂದರ್ಭ. ಒಲಿಂಪಿಕ್ಸ್‌ನಲ್ಲಿ ಹಿಂದೆ ಇಬ್ಬರ ಹಾಗೂ ನಾಲ್ವರ ದೋಣಿಗಳಲ್ಲಿಯೂ ಕಾಕ್ಸ್ ಇರುತ್ತಿದ್ದ ಸ್ಪರ್ಧೆಗಳಿದ್ದವು. 1992ರ ಬಾರ್ಸಿಲೋನಾ ಕೂಟದ ಬಳಿಕ ಅವು ನಿಂತು, ಎಂಟು ಮಂದಿಯ ದೋಣಿಯಲ್ಲಿ ಮಾತ್ರ ಈ ಸ್ಥಾನ ಉಳಿದಿದೆ.

ಇನ್ನು ಪದದ ವಿಷಯ. ‘ಕಾಕ್ಸ್’ ಎಂಬುದು ಸ್ವತಂತ್ರ ಪದವಲ್ಲ. 19ನೆಯ ಶತಮಾನದಲ್ಲಿ ಬಳಕೆಗೆ ಬಂದ ಸಂಕ್ಷೇಪ. ಇದರ ಪೂರ್ಣರೂಪ ‘ಕಾಕ್ಸ್‌ವೇನ್’. ಉಚ್ಚಾರಣೆಯಲ್ಲಿ ಇದು ‘ಕಾಕ್ಸನ್’ ಎಂದು ಸವೆದಿದೆ. ‘ಬೋಟ್‌ಸ್ವೇನ್’ ಎಂಬುದು ‘ಬೋಸನ್’ ಆದಂತೆ. ಇದು ಮಧ್ಯಕಾಲೀನ ಇಂಗ್ಲಿಷಿನಷ್ಟು ಹಳೆಯ ಸಮಾಸಪದ. ಪೂರ್ವಪದ ‘ಕಾಕ್’. ಇಲ್ಲಿ ಅದರ ಅರ್ಥ, ಹಡಗಿನ ಜೊತೆಗೆ ಇರುತ್ತಿದ್ದ ಚಿಕ್ಕ ದೋಣಿ. ಈ ಪದ ಹಳೆಯ ಫ್ರೆಂಚಿನಿಂದ ಬಂದದ್ದು. ಉತ್ತರಪದ ‘ಸ್ವೇನ್’. ಇದು ಸ್ಕ್ಯಾಂಡಿನೇವಿಯದ ಹಳೆಯ ನಾರ್ಸ್ ಭಾಷೆಯ ‘ಸ್ವೇಯ್ನ್’ ಎಂಬುದರಿಂದ ಬಂದದ್ದು. ಹುಡುಗ, ಸೇವಕ ಎಂದು ಅದರ ಅರ್ಥ. ಹೀಗೆ ಎರಡು ಬೇರೆ ಬೇರೆ ಭಾಷೆಗಳಿಂದ ಎರವಲಾಗಿ ಬಂದ ಎರಡು ಪದಗಳು ಇಂಗ್ಲಿಷಿನ ನೆಲದಲ್ಲಿ ಕೂಡಿ ‘ದೋಣಿಯ ಹುಡುಗ’ ಎಂಬ ಸಮಾಸವಾಯಿತು. ನಮ್ಮ ವೈಯಾಕರಣರ ಪರಿಭಾಷೆಯಲ್ಲಿ ಹೇಳುವುದಾದರೆ ಇದೊಂದು ತತ್ಪುರುಷ. ಕಾಲಕ್ರಮದಲ್ಲಿ ‘ಹುಡುಗ’ ಎಂಬ ಅರ್ಥ ಹಿಂದೆ ಸರಿದು, ಚಿಕ್ಕ ದೋಣಿಯ ಮತ್ತು ಅದರ ಸಿಬ್ಬಂದಿಯ ಮೇಲ್ವಿಚಾರಕ ಎಂಬ ಅಧಿಕಾರದ ಅರ್ಥ ಮುಂದೆ ಬಂದಿತು. ನೌಕಾಪಡೆಯಲ್ಲಿಯೂ ಜೀವರಕ್ಷಕ ದೋಣಿಗಳಲ್ಲಿಯೂ ಈ ಪದ ಇಂದಿಗೂ ಇದೇ ಅರ್ಥದಲ್ಲಿ ಜೀವಂತವಾಗಿದೆ.

ಮರೆತುಹೋದ ಮೂಲಾರ್ಥವು ಒಮ್ಮೆ ಆಕಸ್ಮಿಕವಾಗಿ ಮರಳಿ ಬಂದದ್ದೂ ಉಂಟು. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇಬ್ಬರ ದೋಣಿಯ ಅಂತಿಮ ಸ್ಪರ್ಧೆಗೆ ಮುನ್ನ ನೆದರ್ಲೆಂಡ್ಸ್‌ನ ಬ್ರಾಂಟ್ ಮತ್ತು ಕ್ಲೈನ್ ಎಂಬಿಬ್ಬರು ತಮ್ಮ ಕಾಕ್ಸ್ ಭಾರವೆಂದು ಭಾವಿಸಿ, ಅವನ ಬದಲಿಗೆ ಅಲ್ಲಿಯೇ ಇದ್ದ ಬಾಲಕನೊಬ್ಬನನ್ನು ಕೂರಿಸಿಕೊಂಡು ಗೆದ್ದರು. ಆ ಬಾಲಕನ ಹೆಸರು ಅಂದಿನ ದಾಖಲೆಗಳಲ್ಲಿ ಉಳಿಯಲಿಲ್ಲ. ಶತಮಾನಗಳ ಹಿಂದೆ ಕಳೆದುಹೋಗಿದ್ದ ‘ದೋಣಿಯ ಹುಡುಗ’ ಎಂಬ ಅರ್ಥ ಒಂದು ಮಧ್ಯಾಹ್ನದ ಮಟ್ಟಿಗೆ ಅಕ್ಷರಶಃ ನಿಜವಾಯಿತು.

ನಮ್ಮ ಚರ್ಚೆಗೆ ಮುಖ್ಯವಾದದ್ದು ಈ ಪದದ ಒಳಗಿನ ಸಂಧಿ. ‘ಕಾಕ್’ ಎಂಬುದರ ಕೊನೆಯ ಕಕಾರವೂ ‘ಸ್ವೇನ್’ ಎಂಬುದರ ಮೊದಲ ಸಕಾರವೂ ಕೂಡಿದಾಗ ‘ಕ್ಸ್’ ಎಂಬ ವ್ಯಂಜನಗುಚ್ಛ ಉಂಟಾಗುತ್ತದೆ. ಇಂಗ್ಲಿಷ್ ಲಿಪಿಯಲ್ಲಿ ಈ ಗುಚ್ಛವನ್ನು ‘ಎಕ್ಸ್’ ಎಂಬ ಒಂದೇ ಅಕ್ಷರದಿಂದ ಬರೆಯಬಹುದು. ಹಾಗೆ ಬರೆದ ಮೇಲೂ ‘ಸ್ವೇನ್’ ಎಂಬುದರ ‘ಎಸ್’ ಕಾಗುಣಿತದಲ್ಲಿ ಉಳಿದುಕೊಂಡಿತು. ಅಂದರೆ ಒಂದೇ ಸಕಾರ ಬರಹದಲ್ಲಿ ಎರಡು ಸಲ ಬಂದಿತು. ಮುಂದೆ ಪದವನ್ನು ಮೊಟಕುಗೊಳಿಸಿದಾಗ ಕತ್ತರಿ ಬಿದ್ದದ್ದು ‘ಎಕ್ಸ್’ ಅಕ್ಷರದ ನಂತರ. ಹೀಗಾಗಿ ‘ಕಾಕ್ಸ್’ ಎಂಬ ಸಂಕ್ಷೇಪದಲ್ಲಿ ‘ಕಾಕ್’ ಎಂಬ ಪೂರ್ವಪದ ಪೂರ್ಣವಾಗಿ ಇದೆ. ಅದರ ಬಾಲಕ್ಕೆ ಉತ್ತರಪದದ ಮೊದಲ ಧ್ವನಿಯೊಂದು ಅಂಟಿಕೊಂಡಿದೆ. ಕೊನೆಯ ಸಕಾರಕ್ಕೆ ಇಲ್ಲಿ ಯಾವ ವ್ಯಾಕರಣಾರ್ಥವೂ ಇಲ್ಲ. ಅದು ಪ್ರತ್ಯಯವಲ್ಲ, ಪದವೊಂದರ ತುಂಡು ಮಾತ್ರ.

ಇಂಥ ಅಸಂಗತ ವಿಭಜನೆ ಅಪರೂಪವೇನಲ್ಲ. ನಾವು ದಿನವೂ ಬಳಸುವ ‘ಬಸ್ಸು’ ಲ್ಯಾಟಿನ್ನಿನ ‘ಓಮ್ನಿಬಸ್’ ಎಂಬುದರ ತುಂಡು. ‘ಎಲ್ಲರಿಗೆ’ ಎಂಬರ್ಥದ ಆ ರೂಪದಲ್ಲಿ ಪ್ರಕೃತಿಯೆಲ್ಲ ಕಳಚಿಹೋಗಿ ಚತುರ್ಥೀ ಬಹುವಚನದ ಪ್ರತ್ಯಯಭಾಗವೇ ವಾಹನದ ಹೆಸರಾಗಿ ನಿಂತಿತು. ಸಂಕ್ಷೇಪಕ್ರಿಯೆಯು ವ್ಯಾಕರಣದ ಗೆರೆಗಳನ್ನು ಗೌರವಿಸಬೇಕೆಂದೇನೂ ಇಲ್ಲ.

3. ಕುಲನಾಮವಾದ ಕಾಕ್ಸ್

ಕುಲನಾಮದ ದಾರಿ ಬೇರೆ. ಇಲ್ಲಿಯೂ ಮೂಲದಲ್ಲಿರುವುದು ‘ಕಾಕ್’ ಎಂಬ ಪದವೇ. ಆದರೆ ಇದು ದೋಣಿಯ ‘ಕಾಕ್’ ಅಲ್ಲ. ಹಳೆಯ ಇಂಗ್ಲಿಷಿನ, ‘ಹುಂಜ’ ಎಂಬರ್ಥದ ‘ಕಾಕ್’. ಎದೆಯುಬ್ಬಿಸಿ ನಡೆಯುವ, ಜಗಳಕ್ಕೆ ಮುನ್ನುಗ್ಗುವ ಹುಡುಗನಿಗೆ ‘ಹುಂಜ’ ಎಂಬ ಅಡ್ಡಹೆಸರು ಬೀಳುವುದು ಸ್ವಾಭಾವಿಕ. ಕ್ರಮೇಣ ಆ ಅಡ್ಡಹೆಸರು ಯಾವ ಹುಡುಗನಿಗಾದರೂ ಸಲುಗೆಯಿಂದ ಅನ್ವಯಿಸಬಹುದಾದ ಮಾತಾಯಿತು. ಅಲ್ಲಿಂದ ಅದು ಹೆಸರುಗಳ ತುದಿಗೆ ಸೇರುವ ಮುದ್ದುಪ್ರತ್ಯಯವೂ ಆಯಿತು. ವಿಲಿಯಂ ಎಂಬುದರ ಕಿರುರೂಪ ‘ವಿಲ್’. ಅದಕ್ಕೆ ‘ಕಾಕ್’ ಸೇರಿ ‘ವಿಲ್ಕಾಕ್’. ಆಡಮ್ ಎಂಬುದರಿಂದ ‘ಆಡ್ಕಾಕ್’, ರಿಚರ್ಡ್ ಎಂಬುದರ ಕಿರುರೂಪದಿಂದ ‘ಹಿಚ್‌ಕಾಕ್’, ಸೈಮನ್ ಎಂಬುದರಿಂದ ‘ಸಿಮ್ಕಾಕ್’. ನಮ್ಮಲ್ಲಿ ರಾಮ, ಭೀಮ ಎಂಬ ಹೆಸರುಗಳಿಗೆ ‘ಅಣ್ಣ’, ‘ಅಪ್ಪ’ ಎಂಬ ಸಂಬಂಧವಾಚಿಗಳು ಸೇರಿ ರಾಮಣ್ಣ, ಭೀಮಪ್ಪ ಎಂದಾಗುವಾಗ ಅಲ್ಲಿ ನಿಜವಾದ ಅಣ್ಣನೂ ಅಪ್ಪನೂ ಹೇಗೆ ಇಲ್ಲವೋ, ‘ವಿಲ್ಕಾಕ್’ ಎಂಬಲ್ಲಿ ಹುಂಜವೂ ಹಾಗೆಯೇ ಇಲ್ಲ.

ಈ ಹೆಸರುಗಳ ತುದಿಗೆ ಸೇರುವ ಸಕಾರ ಷಷ್ಠೀವಿಭಕ್ತಿಯ ಪ್ರತ್ಯಯ. ‘ವಿಲ್ಕಾಕ್‌ನ (ಮಗ)’ ಎಂಬರ್ಥದಲ್ಲಿ ‘ವಿಲ್ಕಾಕ್ಸ್’. ‘ಕಾಕ್‌ನ (ಮಗ)’ ಎಂಬರ್ಥದಲ್ಲಿ ‘ಕಾಕ್ಸ್’. ಇಂಗ್ಲೆಂಡಿನ ಕುಲನಾಮಗಳಲ್ಲಿ ತಂದೆಯ ಹೆಸರಿನಿಂದ ಮಗನನ್ನು ಗುರುತಿಸುವ ಎರಡು ಸಾಮಾನ್ಯ ಕ್ರಮಗಳಿವೆ: ‘ಸನ್’ ಎಂಬ ಪದವನ್ನು ಸೇರಿಸುವುದು ಒಂದು, ಈ ಷಷ್ಠೀ ಸಕಾರವನ್ನು ಸೇರಿಸುವುದು ಇನ್ನೊಂದು. ರಿಚರ್ಡ್‌ಸನ್, ರಿಚರ್ಡ್ಸ್, ವಿಲಿಯಮ್ಸನ್, ವಿಲಿಯಮ್ಸ್ ಈ ಜೋಡಿಗಳನ್ನು ಗಮನಿಸಬಹುದು. ಕಕಾರಕ್ಕೆ ಸಕಾರ ಸೇರಿದ ಈ ಗುಚ್ಛವನ್ನು ಲಿಪಿಕಾರರು ಕೆಲವೊಮ್ಮೆ ಪೂರ್ಣವಾಗಿಯೂ ಕೆಲವೊಮ್ಮೆ ‘ಎಕ್ಸ್’ ಅಕ್ಷರದಿಂದಲೂ ಬರೆದರು. ‘ಡಿಕ್ಸನ್’ ಎಂಬ ಹೆಸರಿಗೆ ಇಂದಿಗೂ ಎರಡು ಬಗೆಯ ಕಾಗುಣಿತಗಳು ಉಳಿದಿರುವುದು ಈ ಕಾರಣದಿಂದಲೇ.

ಕುಲನಾಮವಾದ ಕಾಕ್ಸ್‌ಗೆ ಇದೊಂದೇ ಮೂಲವೂ ಅಲ್ಲ. ವೇಲ್ಸ್ ಭಾಷೆಯಲ್ಲಿ ‘ಕೆಂಪು’ ಎಂಬರ್ಥ ಕೊಡುವ ‘ಕೋಖ್’ ಎಂಬ ಪದ ಕೆಂಗೂದಲಿನವರಿಗೆ ಅಡ್ಡಹೆಸರಾಗಿತ್ತು. ಗಡಿನಾಡಿನ ಕೆಲವು ಮನೆತನಗಳಲ್ಲಿ ಅದು ಇಂಗ್ಲಿಷಿನ ಕಿವಿಗೆ ‘ಕಾಕ್’ ಎಂದು ಕೇಳಿಸಿ ಕಾಕ್ಸ್ ಆಯಿತು. ಐರ್ಲೆಂಡಿನಲ್ಲಿ ‘ಹುಂಜನ ಮಗ’ ಎಂಬರ್ಥದ ಗೇಲಿಕ್ ಕುಲನಾಮವೊಂದಿದೆ. ಇಂಗ್ಲಿಷ್ ಆಡಳಿತದ ಕಾಲದಲ್ಲಿ ಅದನ್ನು ಅರ್ಥಾನುವಾದ ಮಾಡಿ ಕಾಕ್ಸ್ ಎಂದು ಬರೆಸಿದ ಮನೆತನಗಳುಂಟು. ಹೀಗೆ ಅಡ್ಡಹೆಸರು, ಮುದ್ದುಪ್ರತ್ಯಯ, ಧ್ವನಿಸಾಮ್ಯ, ಭಾಷಾಂತರ ಎಂಬ ನಾಲ್ಕು ಬೇರೆ ಬೇರೆ ಕ್ರಿಯೆಗಳ ಫಲ ಒಂದೇ ಕಾಗುಣಿತದಲ್ಲಿ ಬಂದು ಸೇರಿದೆ. ಇಬ್ಬರು ಕಾಕ್ಸ್‌ಗಳು ಒಂದೇ ಮೂಲದವರೆಂದು ಹೇಳಲು ಹೆಸರೊಂದೇ ಸಾಲದು ಎಂದಮೇಲೆ, ಅವರಿಬ್ಬರೂ ದೋಣಿಯವನ ವಂಶಸ್ಥರೆಂದು ಹೇಳಲು ಅದು ಹೇಗೆ ಸಾಕಾದೀತು?

ಬಂಗಾಳಕೊಲ್ಲಿಯ ದಡದ ಕಾಕ್ಸ್ ಬಜಾರ್ ಕೂಡ ದೋಣಿಗಳಿಂದ ಹೆಸರು ಪಡೆದುದಲ್ಲ. ಅರಕಾನಿನಿಂದ ಬಂದ ನಿರಾಶ್ರಿತರಿಗೆ ನೆಲೆ ಕಲ್ಪಿಸುವ ಕೆಲಸದಲ್ಲಿದ್ದು 1799ರಲ್ಲಿ ತೀರಿಕೊಂಡ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಹೈರಂ ಕಾಕ್ಸ್‌ನ ಕುಲನಾಮ ಅದು. ಬೆಂಗಳೂರಿನ ಕಾಕ್ಸ್ ಟೌನ್ ಕೂಡ ನೆರೆಯ ಫ್ರೇಜರ್ ಟೌನಿನಂತೆ ವಸಾಹತು ಕಾಲದ ಅಧಿಕಾರಿಯ ಕುಲನಾಮವನ್ನು ಹೊತ್ತಿದೆ. ಒಂದು ಕಡಲ ತೀರದಲ್ಲಿದೆ, ಇನ್ನೊಂದು ಹಲಸೂರು ಕೆರೆಗೆ ಸಮೀಪದಲ್ಲಿದೆ. ನೀರಿನ ಈ ಸಾಮೀಪ್ಯವು ತಪ್ಪು ನಿಷ್ಪತ್ತಿಗೆ ಬೇಕಾದ ‘ಸನ್ನಿವೇಶ ಸಾಕ್ಷ್ಯ’ವನ್ನು ಧಾರಾಳವಾಗಿ ಒದಗಿಸುತ್ತದೆ ಎಂಬುದು ಗಮನಾರ್ಹ.

4. ಪ್ರತ್ಯೇಕತೆಯನ್ನು ತೋರುವ ಪ್ರಮಾಣಗಳು

ಎರಡು ‘ಕಾಕ್ಸ್’ಗಳು ಬೇರೆ ಬೇರೆ ಎಂಬುದನ್ನು ಸ್ಥಾಪಿಸುವ ಪ್ರಮಾಣಗಳನ್ನು ಹೀಗೆ ಕ್ರೋಡೀಕರಿಸಬಹುದು.

ಅ) ಕಾಲಕ್ರಮ: ಇಂಗ್ಲೆಂಡಿನಲ್ಲಿ ಕುಲನಾಮಗಳು ವಂಶಪಾರಂಪರ್ಯವಾಗಿ ನೆಲೆಗೊಂಡದ್ದು ಮಧ್ಯಯುಗದಲ್ಲಿ. ಹುದ್ದೆವಾಚಿಯಾದ ‘ಕಾಕ್ಸ್‌ವೇನ್’ ಹಳೆಯದೇ ಆದರೂ ‘ಕಾಕ್ಸ್’ ಎಂಬ ಅದರ ಸಂಕ್ಷೇಪ 19ನೆಯ ಶತಮಾನದ್ದು. ಶತಮಾನಗಳ ಬಳಿಕ ಹುಟ್ಟಿದ ರೂಪವು ಶತಮಾನಗಳ ಹಿಂದಿನ ಹೆಸರಿಗೆ ಮೂಲವಾಗಲಾರದು.

ಆ) ಆಕೃತಿಮಾ ರಚನೆ: ಕುಲನಾಮದಲ್ಲಿ ಅಂತ್ಯ ಸಕಾರ ಷಷ್ಠೀಪ್ರತ್ಯಯ, ಹುದ್ದೆವಾಚಿಯಲ್ಲಿ ಅದು ‘ಸ್ವೇನ್’ ಎಂಬ ಉತ್ತರಪದದ ಮೊದಲ ಧ್ವನಿ. ಹೊರಗಿನ ರೂಪ ಒಂದೇ ಆದರೂ ಒಳಗಿನ ಕಟ್ಟಡ ಬೇರೆ.

ಇ) ರೂಪಭೇದಗಳು: ಕುಲನಾಮಕ್ಕೆ ಕಾಕ್, ಕಾಕ್ಸ್, ವಿಲ್ಕಾಕ್ಸ್, ಸಿಮ್ಕಾಕ್ಸ್ ಎಂಬ ಬಂಧುಬಳಗವಿದೆ. ಹುದ್ದೆವಾಚಿಯ ಬಳಗ ಕಾಕ್ಸ್‌ವೇನ್, ಬೋಟ್‌ಸ್ವೇನ್ ಮುಂತಾದವು. ಒಂದರ ಬಂಧುಗಳು ಇನ್ನೊಂದರ ಮನೆಯಲ್ಲಿ ಕಾಣುವುದಿಲ್ಲ.

ಈ) ಪದಸೃಷ್ಟಿ: ಹುದ್ದೆವಾಚಿಯಿಂದ ಕ್ರಿಯಾಪದವೂ ಗುಣವಾಚಿಗಳೂ ಹುಟ್ಟಿವೆ. ‘ಕಾಕ್ಸ್ ಮಾಡು’ ಎನ್ನಬಹುದು. ಕಾಕ್ಸ್ ಇರುವ, ಇಲ್ಲದ ದೋಣಿಗಳಿಗೆ ‘ಕಾಕ್ಸ್ಡ್’, ‘ಕಾಕ್ಸ್‌ಲೆಸ್’ ಎಂಬ ಹೆಸರುಗಳಿವೆ. ಕುಲನಾಮಕ್ಕೆ ಈ ಬಗೆಯ ಸಂತಾನವಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ದೋಣಿಯೆಂಬ ಅರ್ಥದ ‘ಕಾಕ್’ ಎಂಬುದೇ ಯಾವನೋ ಒಬ್ಬ ಮಧ್ಯಯುಗದ ದೋಣಿಗನಿಗೆ ಅಡ್ಡಹೆಸರಾಗಿದ್ದಿರಬಹುದಾದ ಸಾಧ್ಯತೆಯನ್ನು ತಾತ್ತ್ವಿಕವಾಗಿ ತಳ್ಳಿಹಾಕಲಾಗದು. ಹಾಗೆ ಆಗಿದ್ದರೂ ಆ ಹೆಸರು ದೋಣಿಯಿಂದ ಬಂದದ್ದಾಗುತ್ತದೆಯೇ ಹೊರತು ಕಾಕ್ಸ್‌ವೇನ್ ಎಂಬ ಹುದ್ದೆಯಿಂದ ಬಂದದ್ದಾಗುವುದಿಲ್ಲ. ಅದನ್ನೂ ಆ ಮನೆತನದ ದಾಖಲೆಗಳಿಂದಲೇ ಸಾಧಿಸಬೇಕು, ಹೆಸರಿನ ನಾದದಿಂದಲ್ಲ.

‘ಸ್ವೇನ್’ ಎಂಬ ಉತ್ತರಪದವೂ ಇಂಗ್ಲಿಷಿನಲ್ಲಿ ಕುಲನಾಮವಾಗಿ ಬಳಕೆಯಲ್ಲಿದೆ. ಅದೇ ಮೂಲದ ನಾರ್ಸ್ ವ್ಯಕ್ತಿನಾಮವನ್ನು 1013ರಲ್ಲಿ ಇಂಗ್ಲೆಂಡಿನ ದೊರೆಯಾದ ಡೆನ್ಮಾರ್ಕಿನ ಸ್ವೇನ್ ಧರಿಸಿದ್ದನು. ಒಡಿಶಾದಲ್ಲಿ ‘ಸ್ವಾಯಿಂ’ ಎಂಬ ಕುಲನಾಮವೊಂದಿದೆ. ಅದನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ಇಂಗ್ಲಿಷಿನ ‘ಸ್ವೇನ್’ ಎಂಬುದರ ಕಾಗುಣಿತವೇ ಬರುತ್ತದೆ. ಒಡಿಶಾದ ಸ್ವಾಯಿಂ ಮನೆತನದವರು ನಾರ್ಸ್ ನಾವಿಕರ ಸಂತತಿಯೆಂದು ಯಾರೂ ವಾದಿಸುವುದಿಲ್ಲ. ಎರಡು ಭಾಷೆಗಳ ನಡುವಿನ ದೂರವೇ ನಮ್ಮನ್ನು ಆ ತಪ್ಪಿನಿಂದ ಕಾಪಾಡುತ್ತದೆ. ಎರಡು ಪದಗಳೂ ಒಂದೇ ಭಾಷೆಯೊಳಗೆ ಅಕ್ಕಪಕ್ಕದಲ್ಲಿದ್ದಾಗ ಈ ರಕ್ಷಣೆ ಇರುವುದಿಲ್ಲ. ಸಾಮೀಪ್ಯವೇ ಅಲ್ಲಿ ಭ್ರಮೆಯನ್ನು ಹುಟ್ಟಿಸುತ್ತದೆ.

5. ಕನ್ನಡದ ಸಂದರ್ಭ

ಈ ಸ್ಥಿತಿಯನ್ನು ವಿವರಿಸಲು ನಮ್ಮ ಅಲಂಕಾರಶಾಸ್ತ್ರದಲ್ಲಿ ಸೊಗಸಾದ ಪರಿಕಲ್ಪನೆಗಳಿವೆ. ಶ್ಲೇಷವನ್ನು ಚರ್ಚಿಸುವಾಗ ಆಲಂಕಾರಿಕರು ಎರಡು ನ್ಯಾಯಗಳನ್ನು ಹೇಳುತ್ತಾರೆ. ಅರಗು ಮರಕ್ಕೆ ಅಂಟಿಕೊಂಡಂತೆ ಎರಡು ಬೇರೆ ಶಬ್ದಗಳು ಒಂದೇ ರೂಪದಲ್ಲಿ ಕೂಡಿರುವುದು ಜತುಕಾಷ್ಠ ನ್ಯಾಯ. ಒಂದೇ ತೊಟ್ಟಿನಲ್ಲಿ ಎರಡು ಹಣ್ಣು ತೂಗುವಂತೆ ಒಂದೇ ಶಬ್ದದಿಂದ ಎರಡು ಅರ್ಥಗಳು ಹೊರಡುವುದು ಏಕವೃಂತಗತ ಫಲದ್ವಯ ನ್ಯಾಯ. ಆಧುನಿಕ ಭಾಷಾವಿಜ್ಞಾನವು ಸಮರೂಪತೆ ಮತ್ತು ಅನೇಕಾರ್ಥತೆ ಎಂದು ಬೇರ್ಪಡಿಸುವ ವಿಷಯಕ್ಕೆ ಇದು ಬಹಳ ಹತ್ತಿರದ್ದು. ಇಂಗ್ಲಿಷಿನ ಕಾಕ್ಸ್ ಸ್ಪಷ್ಟವಾಗಿ ಮೊದಲನೆಯ ವರ್ಗಕ್ಕೆ ಸೇರುತ್ತದೆ. ದೋಣಿಗೆ ಸಂಬಂಧಿಸಿದ ಕನ್ನಡ ಪದಗಳನ್ನು ಈ ಬೆಳಕಿನಲ್ಲಿ ನೋಡಿದಾಗ ಎರಡೂ ವರ್ಗಗಳ ನಿದರ್ಶನಗಳು ದೊರೆಯುತ್ತವೆ.

‘ಹುಟ್ಟು’ ಎಂಬುದನ್ನು ಗಮನಿಸೋಣ. ದೋಣಿಯನ್ನು ನಡೆಸುವ ಸಾಧನ ಹುಟ್ಟು. ಮರದ ಸೌಟೂ ಹುಟ್ಟು. ಆಕಾರದ ಹೋಲಿಕೆಯಿಂದ ಈ ಎರಡು ಅರ್ಥಗಳು ಒಂದೇ ತೊಟ್ಟಿನ ಹಣ್ಣುಗಳೆಂದು ತಿಳಿಯಬಹುದು. ಆದರೆ ‘ಜನಿಸು’ ಎಂಬರ್ಥದ ‘ಹುಟ್ಟು’ ಬೇರೆಯದು. ಹಳಗನ್ನಡದ ‘ಪುಟ್ಟು’ ಇದರ ಪೂರ್ವರೂಪ. ತೆಲುಗು ಮತ್ತು ತುಳು ಭಾಷೆಗಳಲ್ಲಿಯೂ ಇದೇ ಅರ್ಥದ ಜ್ಞಾತಿಪದಗಳಿವೆ. ಅಂಬಿಗನು ‘ಹುಟ್ಟು ಹಾಕುತ್ತಾನೆ’. ಹಿರಿಯರು ಒಂದು ಸಂಘವನ್ನು ‘ಹುಟ್ಟುಹಾಕುತ್ತಾರೆ’. ಎರಡನೆಯದು ಮೊದಲನೆಯದರಿಂದ ಬಂದ ರೂಪಕವೆಂದೂ, ದೋಣಿಯನ್ನು ನೀರಿಗಿಳಿಸಿದಂತೆ ಸಂಸ್ಥೆಯನ್ನು ನಡೆಸಲು ತೊಡಗಿದರೆಂಬ ಭಾವ ಅಲ್ಲಿದೆಯೆಂದೂ ಒಬ್ಬ ಉತ್ಸಾಹಿ ವಿವರಿಸಬಹುದು. ವಿವರಣೆ ರಮ್ಯವಾಗಿಯೇ ಇರುತ್ತದೆ. ಆದರೆ ಹುಟ್ಟೂರು, ಹುಟ್ಟುಗುಣ, ಹುಟ್ಟಡಗಿಸು, ಹುಟ್ಟಿಸು ಎಂಬ ಬಳಗವನ್ನು ಪಕ್ಕದಲ್ಲಿಟ್ಟು ನೋಡಿದ ಕೂಡಲೇ ಸಂಘ ಹುಟ್ಟುಹಾಕುವವರು ಯಾವ ‘ಹುಟ್ಟ’ನ್ನು ಹಾಕುತ್ತಿದ್ದಾರೆಂಬುದು ತಿಳಿಯುತ್ತದೆ. ಕಾಕ್ಸ್ ಪ್ರಸಂಗದಲ್ಲಿ ‘ರೂಪಭೇದಗಳು’ ಎಂದು ಗುರುತಿಸಿದ ಪ್ರಮಾಣವೇ ಇಲ್ಲಿಯೂ ಕೆಲಸಕ್ಕೆ ಬರುತ್ತದೆ.

ಇದಕ್ಕೆ ಪ್ರತಿಯಾಗಿ ‘ಅಂಬಿಗ’ ಎಂಬುದು ಏಕವೃಂತದ ನಿದರ್ಶನ. ದೋಣಿ ಎಂಬರ್ಥದ ‘ಅಂಬಿ’ ತಮಿಳಿನಲ್ಲಿಯೂ ಕನ್ನಡದಲ್ಲಿಯೂ ಇದೆ. ಅದಕ್ಕೆ ‘ಇಗ’ ಎಂಬ ತದ್ಧಿತ ಪ್ರತ್ಯಯ ಸೇರಿ ಅಂಬಿಗ ಆಗಿದೆ. ಗಾಣದಿಂದ ಗಾಣಿಗ ಆದಂತೆ. 12ನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರಿನಲ್ಲಿ ಕಾಯಕವೂ ಹೆಸರೂ ಬೇರ್ಪಡಿಸಲಾಗದಂತೆ ಬೆಸೆದಿವೆ. ಆ ಹೆಸರೇ ಅವನ ವಚನಗಳ ಅಂಕಿತ. ಉತ್ತರ ಕನ್ನಡದ ಕರಾವಳಿಯಲ್ಲಿ ಅಂಬಿಗ ಎಂಬುದು ಇಂದಿಗೂ ಕುಲನಾಮ. ಇಲ್ಲಿ ವೃತ್ತಿವಾಚಿಯೂ ಕುಲನಾಮವೂ ಒಂದೇ ಪದ. ಕಾಲ, ರಚನೆ, ಸಮುದಾಯದ ಬಳಕೆ ಈ ಮೂರೂ ಅದನ್ನು ಸಮರ್ಥಿಸುತ್ತವೆ. ಅಂದರೆ ದೋಣಿಯ ಪದ ಕುಲನಾಮವಾಗುವುದು ಅಸಂಭವವೆಂದು ಕಾಕ್ಸ್ ನಿದರ್ಶನದಿಂದ ಯಾರೂ ತೀರ್ಮಾನಿಸಬೇಕಾಗಿಲ್ಲ. ತೀರ್ಮಾನ ಏನೇ ಇರಲಿ, ಅದು ಪರೀಕ್ಷೆಯ ಫಲವಾಗಿರಬೇಕು ಎಂಬುದಷ್ಟೇ ಇಲ್ಲಿನ ಆಗ್ರಹ.

ಇವೆರಡರ ನಡುವೆ ನಿಲ್ಲುವ, ಇನ್ನೂ ಹೆಚ್ಚಿನ ಎಚ್ಚರವನ್ನು ಬೇಡುವ ಪದ ‘ತಾಂಡೇಲ’. ಪಶ್ಚಿಮ ಕರಾವಳಿಯಲ್ಲಿ ಮೀನುಗಾರಿಕೆಯ ದೋಣಿಯ ಮುಖ್ಯಸ್ಥನನ್ನು ತಾಂಡೇಲ ಎನ್ನುತ್ತಾರೆ. ಕಾರವಾರದ ಕಡೆಯಿಂದ ದಕ್ಷಿಣ ಗುಜರಾತಿನವರೆಗೆ ಅದು ಕುಲನಾಮವೂ ಹೌದು. ಇಲ್ಲಿ ಹುದ್ದೆಯಿಂದ ಹೆಸರು ಹುಟ್ಟಿದ್ದು ಸ್ಪಷ್ಟ. ಕಂಪನಿಯ ಕಾಲದ ಇಂಗ್ಲಿಷರು ಈ ಪದವನ್ನು ‘ಟಿಂಡಾಲ್’ ಎಂದು ಬರೆದುಕೊಂಡರು. ಯೂಲ್ ಮತ್ತು ಬರ್ನೆಲ್ ಅವರ ‘ಹಾಬ್ಸನ್ ಜಾಬ್ಸನ್’ (1886) ಎಂಬ ಪ್ರಸಿದ್ಧ ಕೋಶವು ಇದನ್ನು ದಾಖಲಿಸಿ ಮಲಯಾಳ, ತೆಲುಗು, ಮರಾಠಿ ರೂಪಗಳಿಗೆ ಸಂಬಂಧ ಕಲ್ಪಿಸಿದೆ. ಆದರೆ ‘ಟಿಂಡಾಲ್’ ಎಂಬುದು ಇಂಗ್ಲಿಷರ ಸ್ವಂತ ಕುಲನಾಮವೂ ಹೌದು! ಉತ್ತರ ಇಂಗ್ಲೆಂಡಿನ ಟೈನ್ ನದಿಯ ಕಣಿವೆಯಿಂದ ಬಂದ ಸ್ಥಳವಾಚಿ ಅದು. ಬೈಬಲ್ ಅನುವಾದಕ ವಿಲಿಯಂ ಟಿಂಡೇಲ್‌ನ ಹೆಸರಿನಲ್ಲಿಯೂ, ಬೆಳಕಿನ ಚದರಿಕೆಗೆ ತನ್ನ ಹೆಸರನ್ನು ಕೊಟ್ಟ ಭೌತವಿಜ್ಞಾನಿ ಜಾನ್ ಟಿಂಡಾಲ್‌ನ ಹೆಸರಿನಲ್ಲಿಯೂ ಇರುವುದು ಅದರ ರೂಪಭೇದಗಳೇ. ಹಡಗಿನ ಸಿಬ್ಬಂದಿಯ ಹಳೆಯ ಇಂಗ್ಲಿಷ್ ಪಟ್ಟಿಯೊಂದರಲ್ಲಿ ಈ ಪದ ಕಂಡಾಗ ಅದು ನಮ್ಮ ಕರಾವಳಿಯ ತಾಂಡೇಲನ ಪದವಿಯೋ, ಟೈನ್ ಕಣಿವೆಯ ಗೋರನೊಬ್ಬನ ಕುಲನಾಮವೋ ಎಂಬುದನ್ನು ಸಂದರ್ಭದಿಂದಲೇ ನಿರ್ಣಯಿಸಬೇಕು. ಕಾಕ್ಸ್ ಸಮಸ್ಯೆ ನಮ್ಮ ಚರಿತ್ರೆಯ ಆಕರಗಳೊಳಗೇ ಬಂದು ಕುಳಿತಿರುವ ಬಗೆ ಇದು.

‘ಸಾರಂಗ’ದ ಸ್ಥಿತಿಯೂ ಇಂಥದೇ. ಜಿಂಕೆ, ರಾಗದ ಹೆಸರು ಮೊದಲಾದ ಅರ್ಥಗಳ ಸಂಸ್ಕೃತ ‘ಸಾರಂಗ’ ಒಂದು. ನಾಯಕ ಎಂಬರ್ಥದ ಪಾರ್ಸಿಯ ‘ಸರ್ಹಂಗ್’ ಎಂಬುದರಿಂದ ಬಂದ, ಹಡಗಿನ ಮುಖ್ಯಸ್ಥನನ್ನು ಸೂಚಿಸುವ ‘ಸಾರಂಗ’ ಇನ್ನೊಂದು. ಶಿವಾಜಿಯ ನೌಕಾಪಡೆಯ ‘ದರ್ಯಾ ಸಾರಂಗ’ ಎಂಬ ಬಿರುದಿನಲ್ಲಿರುವುದು ಎರಡನೆಯದು. ಕೊಂಕಣ ತೀರದಲ್ಲಿ ಸಾರಂಗ ಎಂಬ ಕುಲನಾಮವಿದೆ. ಸಂಸ್ಕೃತದ ಸಾರಂಗವನ್ನು ಮಾತ್ರ ಬಲ್ಲವರು ಅದನ್ನು ಜಿಂಕೆಯಿಂದ ವಿವರಿಸಲು ಹೊರಟರೆ ಕಡಲಿನ ಚರಿತ್ರೆಯೊಂದು ಕಾಡಿನ ಪಾಲಾಗುತ್ತದೆ.

6. ನಿಘಂಟು ಮತ್ತು ಭಾಷಾಂತರ

ನಿಘಂಟುಕಾರನಿಗೆ ಈ ಚರ್ಚೆ ನೇರವಾಗಿ ಸಂಬಂಧಿಸಿದೆ. ನಮ್ಮ ಪ್ರಾಚೀನ ಕೋಶಗಳು ರೂಪವನ್ನು ಆಧಾರವಾಗಿಟ್ಟುಕೊಂಡು ನಾನಾರ್ಥಗಳನ್ನು ಒಂದೆಡೆ ಕೂಡಿಸಿದವು. ನಾಗವರ್ಮನ ‘ಅಭಿಧಾನ ವಸ್ತುಕೋಶ’ದ ನಾನಾರ್ಥಕಾಂಡ ಇದಕ್ಕೆ ನಿದರ್ಶನ. ಕವಿಗೆ ಬೇಕಾದದ್ದು ಅದೇ ಆಗಿತ್ತು. ಶ್ಲೇಷವನ್ನು ಕಟ್ಟುವವನಿಗೆ ಮೂಲ ಯಾವುದೆಂಬುದು ಮುಖ್ಯವಲ್ಲ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟೆಲ್ ನಿಘಂಟು ಸಮಾನ ರೂಪದ ಬೇರೆ ಬೇರೆ ಪದಗಳಿಗೆ ಪ್ರತ್ಯೇಕ ಸಂಖ್ಯೆಗಳನ್ನು ಕೊಟ್ಟು ಬೇರ್ಪಡಿಸಿತು. ಚಾರಿತ್ರಿಕ ಅಧ್ಯಯನಕ್ಕೆ ಬೇಕಾದ ಕ್ರಮ ಇದು. ಇಂಗ್ಲಿಷ್–ಕನ್ನಡ ನಿಘಂಟಿನಲ್ಲಿ ‘ಕಾಕ್ಸ್’ ಎಂಬ ಉಲ್ಲೇಖ ಬರುವುದಾದರೆ ಅದನ್ನು ಕಾಕ್ಸ್‌ವೇನ್ ಎಂಬುದರ ಕೆಳಗೆ ಇಡಬೇಕೇ ಹೊರತು ಹುಂಜವಾಚಿಯ ಕೆಳಗಲ್ಲ.

ಭಾಷಾಂತರದ ಪ್ರಶ್ನೆಯೂ ಇದೆ. ಕ್ರೀಡಾವರದಿಯಲ್ಲಿ ‘ಕಾಕ್ಸ್ ಎಚ್ಚರಿಸಿದನು’ ಎಂದು ಓದಿದ ಕನ್ನಡ ಓದುಗ ಅದನ್ನು ವ್ಯಕ್ತಿನಾಮವೆಂದೇ ತಿಳಿಯುತ್ತಾನೆ. ಸಂಸ್ಕೃತದ ‘ಕರ್ಣಧಾರ’ ನಮ್ಮಲ್ಲಿ ಉಂಟು; ‘ಕರ್ಣ’ವೆಂದರೆ ಕಿವಿ, ಹಡಗಿನ ಚುಕ್ಕಾಣಿಯೂ ಹೌದು. ಆದರೆ ಆ ಪದ ಈಚೆಗೆ ಮುಖಂಡ ಎಂಬ ಲಾಕ್ಷಣಿಕ ಅರ್ಥದಲ್ಲಿಯೇ ಹೆಚ್ಚು ಬಳಕೆಯಾಗುತ್ತಿದೆ. ಅರಬ್ಬಿಯ ‘ಸುಕ್ಕಾನ್’ ಎಂಬುದರಿಂದ ಬಂದು ನಮ್ಮದೇ ಆಗಿಹೋಗಿರುವ ‘ಚುಕ್ಕಾಣಿ’ಯಿಂದ ‘ಚುಕ್ಕಾಣಿಗ’ ಎಂದು ಮಾಡಿಕೊಳ್ಳುವುದು ಸುಲಭ. ಅಂಬಿಗ, ಗಾಣಿಗಗಳ ಪಂಕ್ತಿಯಲ್ಲಿ ಅದು ಸಹಜವಾಗಿ ಕೂರುತ್ತದೆ. ಹಡಗಿನ ಪದವೊಂದನ್ನು ಅರಬ್ಬರಿಂದ ಪಡೆದು ಕನ್ನಡದ ಪ್ರತ್ಯಯ ಹಚ್ಚುವುದು, ಫ್ರೆಂಚಿನ ದೋಣಿಗೆ ನಾರ್ಸ್ ಹುಡುಗನನ್ನು ಕೂರಿಸಿದ ಇಂಗ್ಲಿಷಿನ ಕ್ರಮಕ್ಕಿಂತ ಬೇರೆಯಲ್ಲ.

7. ಉಪಸಂಹಾರ

ವ್ಯಕ್ತಿನಾಮ ಮತ್ತು ಕುಲನಾಮಗಳ ಸಂಶೋಧನೆ ಕನ್ನಡದಲ್ಲಿ ಗಂಭೀರವಾಗಿ ನಡೆದಿದೆ. ಎಂ. ಎಂ. ಕಲಬುರ್ಗಿಯವರ ಬರಹಗಳು ಈ ಕ್ಷೇತ್ರಕ್ಕೆ ಶಾಸ್ತ್ರೀಯತೆಯನ್ನು ತಂದುಕೊಟ್ಟಿವೆ. ಹಾಗಿದ್ದೂ ರೂಪಸಾಮ್ಯವನ್ನೇ ನಿಷ್ಪತ್ತಿಯೆಂದು ಮಂಡಿಸುವ ರೂಢಿ ಪೂರ್ತಿ ಅಳಿದಿಲ್ಲ. ನಮ್ಮ ಸಮಾಜದಲ್ಲಿ ಇದರ ಪರಿಣಾಮ ಕೇವಲ ಪಾಂಡಿತ್ಯದ ವಲಯಕ್ಕೆ ಸೀಮಿತವಲ್ಲ. ಇಂಗ್ಲೆಂಡಿನ ಕಾಕ್ಸ್ ಒಬ್ಬನನ್ನು ದೋಣಿಗನ ವಂಶಸ್ಥನೆಂದರೆ ಅವನು ನಕ್ಕು ಸುಮ್ಮನಾದಾನು. ನಮ್ಮಲ್ಲಿ ಕುಲನಾಮದ ನಿಷ್ಪತ್ತಿ ಹೇಳುವುದೆಂದರೆ ಒಂದು ಮನೆತನಕ್ಕೆ ವೃತ್ತಿಯನ್ನು ಹೇಳಿದಂತೆ. ವೃತ್ತಿಯನ್ನು ಹೇಳುವುದೆಂದರೆ ಜಾತಿಯನ್ನು, ಅದರ ಮೂಲಕ ಶ್ರೇಣಿಯಲ್ಲಿ ಒಂದು ಸ್ಥಾನವನ್ನು ಹೇಳಿದಂತೆ. ಪ್ರಬಂಧವೊಂದರ ಅಡಿಯಲ್ಲಿ ಹಗುರವಾಗಿ ಬರೆದ ಒಂದು ನಿಷ್ಪತ್ತಿ ನಾಳೆ ಸಮುದಾಯವೊಂದರ ಸ್ಮರಣಸಂಚಿಕೆಯಲ್ಲಿ ಇತಿಹಾಸವಾಗಿ ಅಚ್ಚಾಗಬಹುದು. ಮತ್ತೊಂದು ಸಮುದಾಯದ ಅವಹೇಳನಕ್ಕೂ ಆಧಾರವಾಗಬಹುದು.

ಆದುದರಿಂದ ಕುಲನಾಮವನ್ನು ವೃತ್ತಿವಾಚಿಯಿಂದ ನಿಷ್ಪಾದಿಸುವ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ದೊರೆತಿರಬೇಕು. ಎರಡರಲ್ಲಿ ಯಾವುದು ಮೊದಲು ದಾಖಲಾಗಿದೆ? ಎರಡರ ಆಂತರಿಕ ರಚನೆ ಒಂದೆಯೇ? ಎರಡರ ಬಂಧುರೂಪಗಳು ಒಂದೇ ಬಳಗಕ್ಕೆ ಸೇರುತ್ತವೆಯೇ? ಈ ಪರೀಕ್ಷೆಯಲ್ಲಿ ಅಂಬಿಗ ಗೆಲ್ಲುತ್ತದೆ, ಕಾಕ್ಸ್ ಸೋಲುತ್ತದೆ. ಅರಗು ಯಾವುದು, ಮರ ಯಾವುದು ಎಂಬುದು ಬಿಡಿಸಿ ನೋಡಿದಾಗ ಮಾತ್ರ ತಿಳಿಯುತ್ತದೆ. ಬಿಡಿಸಿ ನೋಡುವ ಆ ಶ್ರಮವೇ ನಾಮವಿಜ್ಞಾನಿಯ ಕೆಲಸ.